ದಫೇದಾರ್ ವೆಂಕಟಸ್ವಾಮಿಯ ರುಮಾಲು

ಸುದ್ದಗುಂಟೆಪಾಳ್ಯದಲ್ಲಿ ಇಳಿದು 'ಕತ್ತಿ ಮನೆ ಎಲ್ಲಿ' ಎಂದು ಕೇಳಿದರೆ ಸಾಕು, ಆಟೋದವರೇ ಕೈ ಮಾಡಿ ತೋರಿಸುತ್ತಿದ್ದರು. ಹೆಸರು ಕೇಳಿ ಹೆದರಬೇಕಾದ್ದೇನಿಲ್ಲ. ಆ ಮೂರು ಮಹಡಿ ಮನೆಯ ಯಜಮಾನರು ಗಂಗಾಧರಯ್ಯ, ಬೆರಳಿಗೆ ಮುಳ್ಳು ಚುಚ್ಚಿದರೂ ಹೆಂಡತಿಯನ್ನು ಕೂಗಿ ಕರೆಯುವಂಥ ಮನುಷ್ಯ. ಅಂಥವರ ಎರಡನೇ ಮಹಡಿಯ ಬೀದಿ ಕಡೆಯ ಕೋಣೆಯಲ್ಲಿ ಹದಿನೇಳು ಕತ್ತಿ, ಒಂಬತ್ತು ಬಯೊನೆಟ್ಟು, ಸಿಪಾಯಿಗಳೂ ಪೊಲೀಸರೂ ಒಂದು ಕಾಲದಲ್ಲಿ ತಲೆಗೆ ಹಾಕಿಕೊಂಡಿದ್ದ ನಲವತ್ತೊಂದು ಟೋಪಿ, ಹೆಲ್ಮೆಟ್ಟು, ರುಮಾಲುಗಳಿದ್ದವು ಎಂದರೆ ಯಾರು ತಾನೆ ನಂಬಿಯಾರು!

ಎಲ್ಲ ಶುರುವಾದದ್ದು ಮನೆಗೆ ಪಾಯ ತೋಡುವಾಗ. ತಲೆಮಾರುಗಳಿಂದ ರಾಗಿ ಬೆಳೆದ ಹೊಲ ಬಡಾವಣೆಯಾಗಿ ಹೋಗಿ, ಕೈಯಲ್ಲಿ ಉಳಿದ ಒಂದು ತುಂಡಿನಲ್ಲಿ ಗಂಗಾಧರಯ್ಯ ಮನೆ ಎಬ್ಬಿಸಲು ಹೊರಟಿದ್ದರು. ಮೂರಡಿ ಆಳದಲ್ಲಿ ಗುದ್ದಲಿಗೆ ಠಣ್ ಎಂದು ಏನೋ ತಗುಲಿತು. ತೆಗೆದು ನೋಡಿದರೆ ಬಂದೂಕಿನ ಮೂತಿಗೆ ಸಿಕ್ಕಿಸುವ ಕತ್ತಿ, ಮೈಯೆಲ್ಲ ತುಕ್ಕು. ಮೇಸ್ತ್ರಿ ಗುಜರಿಗೆ ಹಾಕಿ ಅಂದ. ಗಂಗಾಧರಯ್ಯ ಅದನ್ನು ಸೀಮೆಎಣ್ಣೆಯಲ್ಲಿ ಎಂಟು ದಿನ ನೆನೆಸಿ, ಉಜ್ಜಿ, ಹಿಡಿಯ ಮೇಲೆ ಯಾರೋ ಕೊರೆದಿದ್ದ ಎರಡು ಅಕ್ಷರ ಕಂಡು ಮರುಳಾದರು. ನಾನು ಉತ್ತ ನೆಲದಲ್ಲಿ ಯಾವನೋ ಸಿಪಾಯಿ ಇದನ್ನು ಕಳಕೊಂಡು ಬೈಸಿಕೊಂಡಿರಬೇಕಲ್ಲ ಎಂದು ಅವರಿಗೆ ಆ ಕಾಣದ ಮನುಷ್ಯನ ಮೇಲೆ ಅಯ್ಯೋ ಅನ್ನಿಸಿತಂತೆ. ಅಲ್ಲಿಂದ ಮುಂದೆ ಭಾನುವಾರ ಬಂತೆಂದರೆ ಹಳೆ ಸಾಮಾನು ಮಾರುವ ಸಂಡೇ ಬಜಾರ್.

ಹೆಂಡತಿ ಸೊಣ್ಣಮ್ಮ ಮೂಗು ಮುರಿದರು. "ಬೇರೆಯವರು ಮನೆ ಕಟ್ಟಿದ್ಮೇಲೆ ಬಾಡಿಗೆಗೆ ಕೊಡ್ತಾರೆ. ಇವ್ರು ನೋಡಿದ್ರೆ ಸತ್ತೋರ ಟೋಪಿಗೆ ರೂಮು ಕೊಟ್ಟವ್ರೆ!" ಹಾಗಂದರೂ ಮುಚ್ಚಿಹೋದ ಬೇಕರಿಯೊಂದರ ಗಾಜಿನ ಬೀರು ಮಾರಾಟಕ್ಕಿದೆ ಎಂದು ಸುದ್ದಿ ತಂದವರು ಅವರೇ. ಮೈಸೂರುಪಾಕು, ದಿಲ್‌ಪಸಂದ್ ಕೂರುತ್ತಿದ್ದ ಗಾಜಿನ ಹಲಗೆಗಳ ಮೇಲೆ ಹಿತ್ತಾಳೆ ಹೆಲ್ಮೆಟ್ಟುಗಳು ಸಾಲಾಗಿ ಕೂತವು. ತೊಂಬತ್ತನಾಲ್ಕರಲ್ಲಿ ಯಾರೋ ದೂರು ಕೊಟ್ಟು ಪೊಲೀಸರೂ ಬಂದರು. ಬಂದ ಇನ್ಸ್‌ಪೆಕ್ಟರು ಪಟ್ಟಿ ಬರೆದುಕೊಂಡು, ಕಾಫಿ ಕುಡಿದು, ಮುಂದಿನ ವಾರ ತಮ್ಮ ತಾತನ ಪೊಲೀಸ್ ಟೋಪಿ ತಂದುಕೊಟ್ಟು ಹೋದರು.

ಆ ಕೋಣೆಗೆ ಎರಡೇ ಕಾನೂನು. ಒರೆಯಿಂದ ಕತ್ತಿ ತೆಗೆದವರು ಎಣ್ಣೆ ಸವರದೆ ವಾಪಸ್ ಇಡಬಾರದು. ಯಾವ ಟೋಪಿಯನ್ನೂ ಯಾರೂ ತಲೆಗೆ ಹಾಕಬಾರದು. ನೋಡಲು ಬಂದವರು ಹೆಲ್ಮೆಟ್ ಹಾಕಿಕೊಂಡು ಒಂದು ಫೋಟೋ ಹೊಡೆಸಿಕೊಳ್ಳಲೇ ಎಂದರೆ ಗಂಗಾಧರಯ್ಯನವರ ಹುಬ್ಬು ಗಂಟಾಗುತ್ತಿತ್ತು. "ಅದನ್ನ ಹಾಕ್ಕೊಂಡು ಪರೇಡ್ ಮಾಡ್ದೋರು ಬೇರೆ ಸ್ವಾಮಿ. ನಾವು ರಾಗಿ ಬೆಳೆದೋರು. ನಮ್ ತಲೆಗೆ ಆ ಯೋಗ್ಯತೆ ಇಲ್ಲ." ತಾವೂ ಒಂದು ದಿನವೂ ಹಾಕಿಕೊಂಡವರಲ್ಲ.

ಕೋಣೆಯ ರಾಜಮರ್ಯಾದೆಯೆಲ್ಲ ಒಂದು ರುಮಾಲಿಗೆ ಸಲ್ಲುತ್ತಿತ್ತು. ಮೈಸೂರು ಸಂಸ್ಥಾನದ ಕುದುರೆ ಪಡೆಯಲ್ಲಿದ್ದ ದಫೇದಾರ್ ವೆಂಕಟಸ್ವಾಮಿ ಎಂಬುವರದು. ಕಡುನೀಲಿ ಬಟ್ಟೆ, ಅಂಚಿಗೆ ಜರಿ, ನೆತ್ತಿಯ ಮೇಲೆ ಬಟ್ಟೆಯ ತುದಿಯಿಂದಲೇ ಮಾಡಿದ, ಬೀಸಣಿಗೆ ಹಾಗೆ ನಿಂತ ತುರಾಯಿ. ವೆಂಕಟಸ್ವಾಮಿ ಮೂವತ್ತೊಂಬತ್ತನೇ ಇಸವಿಯ ದಸರಾ ಮೆರವಣಿಗೆ ಮುಗಿಸಿ ಬಂದು ತಲೆಯಿಂದ ಇಳಿಸಿ ಪೆಟ್ಟಿಗೆಯಲ್ಲಿಟ್ಟದ್ದು, ಮತ್ತೆ ಬಿಚ್ಚಿರಲಿಲ್ಲ. ಅದನ್ನು ತಂದುಕೊಟ್ಟವರು ಅವರ ಮಗಳು, ವಿಲ್ಸನ್ ಗಾರ್ಡನ್ನಿನ ಪಂಕಜಮ್ಮ. ನಿವೃತ್ತ ಸ್ಕೂಲ್ ಮೇಡಂ, ಮದುವೆಯಾಗದವರು, ತಂಗಿಯ ಮನೆಯ ಒಂದು ಕೋಣೆಯಲ್ಲಿ ಇದ್ದವರು.

"ನಾನು ಹೋದ್ಮೇಲೆ ಇದನ್ನ ಯಾರು ಎಲ್ಲಿ ಎಸೀತಾರೋ ಗೊತ್ತಿಲ್ಲ," ಎಂದಿದ್ದರು ತೊಂಬತ್ತಾರರಲ್ಲಿ. "ಅಪ್ಪನ ಕೈಕೆಲಸ ಅಂತ ಉಳಿದಿರೋದು ಇದೊಂದೇ. ಅವರು ಕಟ್ಟಿದ ಹಾಗೇ ಇರಬೇಕು, ಒಂದು ಸುತ್ತೂ ಸಡಿಲ ಆಗಬಾರದು. ಮಾತು ಕೊಡ್ತೀರಾ ಗಂಗಾಧರಯ್ಯ?"

ಅವರು ಮಾತು ಕೊಟ್ಟರು. ಅಂದಿನಿಂದ ಪ್ರತಿ ವಿಜಯದಶಮಿಗೆ ಪಂಕಜಮ್ಮ ಕೋಲೂರಿಕೊಂಡು ಆಟೋದಿಂದ ಇಳಿಯುತ್ತಿದ್ದರು. "ಎಲ್ಲಿ, ಅಪ್ಪನ್ನ ನೋಡೋಣ ನಡೀರಿ" ಎಂದು ಮೆಟ್ಟಿಲು ಹತ್ತಿ, ಬೀರುವಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕಾಲು ಗಂಟೆ ಸುಮ್ಮನೆ ಕೂತು, ಸೊಣ್ಣಮ್ಮನ ಕೈಯ ಹೋಳಿಗೆ ತಿಂದು ಹೋಗುತ್ತಿದ್ದರು.

ಇನ್ನು ಆ ವರ್ಷದ ಕಥೆಗೆ ಬರೋಣ. ಎರಡು ಸಾವಿರದ ಒಂದರ ನವರಾತ್ರಿ. ಶುಕ್ರವಾರ ವಿಜಯದಶಮಿ. ಅದಕ್ಕೆ ಮುಂಚಿನ ಭಾನುವಾರ ಗಂಗಾಧರಯ್ಯ ಎಂದಿನಂತೆ ಬಜಾರಿಗೆ ಹೋಗಿ, ಫೈರ್ ಎಂಜಿನ್ನಿನವರ ಹಿತ್ತಾಳೆ ಹೆಲ್ಮೆಟ್ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು, ಸಖತ್ ಖುಷಿಯಲ್ಲಿ ಬೀದಿ ತಿರುಗಿದರು. ತಲೆಯೆತ್ತಿ ನೋಡಿದರೆ ತಾರಸಿಯ ಮೇಲೆ ಈ ತುದಿಯಿಂದ ಆ ತುದಿಗೆ ನೀಲಿ ಬಟ್ಟೆಯೊಂದು ಗಾಳಿಗೆ ಪಟಪಟ ಎನ್ನುತ್ತಿತ್ತು. ಎಷ್ಟು ಉದ್ದದ ಸೀರೆ ಉಡ್ತಾರಪ್ಪ ಮೇಲಿನ ಮಹಡಿಯೋರು ಎಂದುಕೊಂಡು ಎರಡು ಹೆಜ್ಜೆ ಇಟ್ಟರು. ಮೂರನೆಯದಕ್ಕೆ ಜರಿ ಅಂಚು ಬಿಸಿಲಿಗೆ ಮಿಂಚಿತು. ಮೆಟ್ಟಿಲ ಕಡೆ ಓಡಿದರು.

ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದವರು ಗದಗಿನ ಕಡೆಯ ಮುರಿಗೆವ್ವ ಮತ್ತು ಕೊರಿಯರ್ ಆಫೀಸಿನಲ್ಲಿದ್ದ ಅವರ ಮಗ ಚನ್ನವೀರ. ಮುರಿಗೆವ್ವನ ಕೈ ಸುಮ್ಮನೆ ಕೂರುವ ಕೈಯಲ್ಲ. ಸೊಣ್ಣಮ್ಮನಿಗೆ ಮಂಡಿನೋವು ಎಂದು ಕೇಳಿ, ಹಬ್ಬಕ್ಕೆ ಆ ಕೋಣೆ ನಾನು ಗುಡಿಸಿಕೊಡುತ್ತೇನೆ ಎಂದು ಕೀಲಿ ಈಸಿಕೊಂಡಿದ್ದರು. ಕತ್ತಿ ಮುಟ್ಟಬೇಡಿ ಎಂದು ಸೊಣ್ಣಮ್ಮ ಹತ್ತು ಸಲ ಹೇಳಿದ್ದರು. ಮುರಿಗೆವ್ವ ಒಂದು ಕತ್ತಿಯನ್ನೂ ಮುಟ್ಟಿರಲಿಲ್ಲ, ಪಾಪ!

"ಯಾರ್ರೀ ಇದನ್ನ ಬಿಚ್ಚಿದ್ದು?" ಏದುಸಿರು ಬಿಡುತ್ತ ತಾರಸಿ ಹತ್ತಿದ ಗಂಗಾಧರಯ್ಯನವರ ದನಿ ಒಡೆದಿತ್ತು.

"ನಾನಽ ರೀ ಮಾಲಕರ." ಮುರಿಗೆವ್ವನ ಮುಖದ ತುಂಬ ನಗು. "ಧೂಳ ಹಿಡದು ಕರ್ರಗಾಗಿತ್ತು. ಹಬ್ಬದಾಗ ಮಾಸಿದ ರುಮಾಲ ಇಡಬಾರದ್ರೀ. ಸೋಪ ಹಚ್ಚಿ ಎರಡು ನೀರಾಗ ಹಿಂಡೀನಿ. ನೋಡ್ರಿ, ಎಷ್ಟು ಛಂದ ನೀಲಿ ಎದ್ದೈತಿ! ಒಂದು ತುದೀಗೆ ಯಾರೋ ಕೆಂಪು ದಾರ ಹೊಲದಾರ, ಅಗಸರ ಗುರುತು ಇರಬೇಕು. ಕೀಳಾಕ ನೋಡಿದ್ನಿ, ಬರಲಿಲ್ಲ."

ಗಂಗಾಧರಯ್ಯ ಹೆಲ್ಮೆಟ್ಟನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕುಸಿದು ಕೂತರು. ನಡೆದದ್ದೇನೆಂದು ಸೊಣ್ಣಮ್ಮ ಬಿಡಿಸಿ ಹೇಳಿದಾಗ ಮುರಿಗೆವ್ವನ ನಗು ಇಳಿದು, ಸೆರಗು ಬಾಯಿಗೆ ಹೋಯಿತು.

ಮುಂದಿನ ನಾಲ್ಕು ದಿನ ಆ ಮನೆಯಲ್ಲಿ ನಡೆದದ್ದೆಲ್ಲ ರುಮಾಲಿನ ಕಥೆಯೇ. ಮುರಿಗೆವ್ವ ತಪ್ಪನ್ನು ನಾನೇ ಸರಿಮಾಡುತ್ತೇನೆಂದು ಹಿತ್ತಾಳೆ ಕೊಡದ ಮೇಲೆ ಸುತ್ತಿದರು. ನೋಡಲು ಬಲು ಲಕ್ಷಣವಾಗಿತ್ತು, ಗದಗಿನ ಸಂತೆಗೆ ಎತ್ತು ಮಾರಲು ಹೊರಟ ಗೌಡರದ್ದು ಅನ್ನಿಸುವಂತಿತ್ತು. ಮದುವೆ ಪೇಟ ಬಾಡಿಗೆಗೆ ಕೊಡುವ ಅಂಗಡಿಯವನನ್ನು ಕರೆಸಿದರೆ ಅವನು ಕಟ್ಟಿದ್ದಕ್ಕೆ ಬಾಸಿಂಗ ಒಂದು ಕಡಿಮೆ. ಗಂಗಾಧರಯ್ಯನವರ ಹತ್ತಿರ ಫೋಟೋ ಇತ್ತು, ಆದರೆ ಎದುರಿನಿಂದ ತೆಗೆದದ್ದು. ಹಿಂದೆ ಎಷ್ಟು ಸುತ್ತು, ಯಾವುದು ಯಾವುದರ ಮೇಲೆ ಎನ್ನುವುದು ವೆಂಕಟಸ್ವಾಮಿಗೇ ಗೊತ್ತು.

ಗುರುವಾರ ಆಯುಧಪೂಜೆ. ಕತ್ತಿಗಳಿಗೆ ಎಣ್ಣೆ ಸವರಿ ಸಾಲಾಗಿ ಇಟ್ಟು, ಉಕ್ಕಿಗೆ ಕುಂಕುಮ ತಾಗದಂತೆ ಕಾಗದದ ಚೂರು ಅಂಟಿಸಿ ಅದರ ಮೇಲೆ ಬೊಟ್ಟಿಡುವುದು ಅವರ ಪದ್ಧತಿ. ಈ ಸಲ ಎಲ್ಲ ಬೊಟ್ಟೂ ಸೊಟ್ಟಗಾದವು. ಬೀರುವಿನ ನಟ್ಟನಡುವೆ ಒಂದು ಜಾಗ ಖಾಲಿ.

"ಮೈಸೂರಲ್ಲಿ ಪ್ರದರ್ಶನಕ್ಕೆ ಕೊಟ್ಟಿದ್ದೀನಿ ಅಂದ್ಬಿಡ್ತೀನಿ," ಎಂದರು ಗಂಗಾಧರಯ್ಯ. "ಮುಂದಿನ ದಸರಾ ಹೊತ್ತಿಗೆ ಏನಾದ್ರೂ ದಾರಿ ಸಿಗುತ್ತೆ."

"ಎಪ್ಪತ್ತಾರು ವರ್ಷದ ಹೆಂಗಸಿಗೆ ಮುಂದಿನ ದಸರಾ ಅಂತೀರಲ್ಲ, ನಾಚ್ಕೆ ಆಗಲ್ವಾ ನಿಮಗೆ?" ಸೊಣ್ಣಮ್ಮ ಕಡಲೆಬೇಳೆ ಆರಿಸುತ್ತಲೇ ಅಂದರು.

ಶುಕ್ರವಾರ ಹತ್ತು ಗಂಟೆಗೆ ಆಟೋ ನಿಂತಿತು. "ಎಲ್ಲಿ, ಅಪ್ಪನ್ನ ನೋಡೋಣ ನಡೀರಿ" ಎನ್ನುತ್ತ ಪಂಕಜಮ್ಮ ಮೆಟ್ಟಿಲು ಹತ್ತಿದರು. ಗಂಗಾಧರಯ್ಯ ಹಿಂದಿನಿಂದ "ಅಮ್ಮ, ಈ ಸಲ ಅದನ್ನ ಮೈಸೂರಿಗೆ..." ಎಂದು ಶುರುಮಾಡಿದರು. ಪಂಕಜಮ್ಮ ಮಧ್ಯದ ಮೆಟ್ಟಿಲಲ್ಲಿ ನಿಂತು, ದಮ್ಮು ತೆಗೆದುಕೊಂಡು, ತಿರುಗಿ ನೋಡಿ ನಕ್ಕರು. ವರ್ಷವೆಲ್ಲ ಇದೊಂದು ದಿನಕ್ಕೆ ಕಾದ ಮುಖ ಅದು. ಗಂಗಾಧರಯ್ಯ ಸುಳ್ಳನ್ನು ಅಲ್ಲಿಗೇ ಬಿಟ್ಟರು.

"ಬಿಚ್ಚಿಹೋಯ್ತಮ್ಮ," ಎಂದುಬಿಟ್ಟರು. "ಮಾತು ಉಳಿಸ್ಕೊಳ್ಳೋಕೆ ಆಗ್ಲಿಲ್ಲ ನನ್ನ ಕೈಲಿ. ಬಿಚ್ಚಿ, ಒಗೆದೂ ಆಗಿದೆ."

ಪಂಕಜಮ್ಮ ಮಿಕ್ಕ ಮೆಟ್ಟಿಲು ಹತ್ತಿ, ಕುರ್ಚಿಯಲ್ಲಿ ಕೂತು ಕೈ ಚಾಚಿದರು. ಗಂಗಾಧರಯ್ಯ ಮಡಿಸಿದ ಬಟ್ಟೆಯನ್ನು ತಂದು ಅವರ ಮಡಿಲಲ್ಲಿಟ್ಟರು. ಮುದುಕಿ ಅದನ್ನು ಮೂಗಿಗೆ ಹಿಡಿದರು.

"ಸೋಪು," ಎಂದರು. ಕಣ್ಣು ತುಂಬಿತ್ತು.

ಬಾಗಿಲ ಹತ್ತಿರ ನಿಂತಿದ್ದ ಮುರಿಗೆವ್ವ ತಡೆಯಲಾರದೆ ಒಳಗೆ ಬಂದು ಅವರ ಕಾಲ ಬಳಿ ಕೂತರು. "ತಪ್ಪು ನಂದ್ರೀ ಅಕ್ಕಾರ. ಮಾಲಕರದ್ದು ಏನೂ ಇಲ್ಲ. ಹಿತ್ತಾಳಿ ಕೊಡದ ಮ್ಯಾಲೆ ಸುತ್ತಿ ನೋಡಿದ್ನಿ, ಕೂಡಲಿಲ್ಲ. ಬೈರಿ ನನಗ."

ಪಂಕಜಮ್ಮ ಬಟ್ಟೆಯ ಅಂಚು ಹಿಡಿದು ಮೆಲ್ಲಗೆ ಬೆರಳು ಆಡಿಸುತ್ತ ಹೋದರು. ತುದಿಗೆ ಒಂದು ಮೊಳ ಇದೆ ಎನ್ನುವಾಗ ಬೆರಳು ನಿಂತಿತು. ಕೆಂಪು ದಾರದ ನಾಲ್ಕು ಹೊಲಿಗೆ. ಅವರು ಕನ್ನಡಕ ಏರಿಸಿದರು, ಇಳಿಸಿದರು, ಬೆಳಕಿಗೆ ಹಿಡಿದರು.

"ಅಯ್ಯೋ! ಇದು ಅಮ್ಮ ಹಾಕಿದ್ದು ಕಣ್ರೀ!" ಎಂದರು. "ನನಗೆ ಆರೋ ಏಳೋ ವರ್ಷ. ಅಪ್ಪ ರುಮಾಲು ಕಟ್ಕೊಳ್ಳುವಾಗ ಆ ಕಡೆ ತುದಿ ಒಬ್ರು ಬಿಗಿಯಾಗಿ ಹಿಡೀಬೇಕು. ಅದು ನನ್ನ ಕೆಲಸ. ಎಲ್ಲಿ ಹಿಡೀಬೇಕು ಅಂತ ದಿನಾ ಮರೀತಿದ್ದೆ. ಅದಕ್ಕೆ ಅಮ್ಮ ಈ ಗುರುತು ಹಾಕಿದ್ರು. ಅಪ್ಪ ಒಂದು ಸುತ್ತು ಸುತ್ತಿದ್ರೆ ನಾನು ಒಂದು ಹೆಜ್ಜೆ ಮುಂದೆ ಬರಬೇಕು. ಕೊನೇ ಸುತ್ತಿಗೆ ಅಪ್ಪನ ಮುಂದೆ ನಿಂತಿರ್ತಿದ್ದೆ. ಅವರು ಬಗ್ಗೋರು, ನಾನು ಈ ತುದೀನ ಒಳಗೆ ಸಿಗಿಸ್ತಿದ್ದೆ. ದಾರ ಒಳಗೇ ಉಳಿದುಹೋಯ್ತು. ಅರವತ್ತೆರಡು ವರ್ಷ ಎದುರಿಗೇ ಇಟ್ಕೊಂಡು ನೋಡಿದ್ದೀನಿ, ಇದೊಂದಿದೆ ಅನ್ನೋದೇ ಮರ್ತುಬಿಟ್ಟಿದ್ದೆನಲ್ಲ!"

ಅಳು ಬರುತ್ತಿದ್ದ ಮುಖದಲ್ಲೇ ನಗು ಬಂತು. ಕೋಲನ್ನು ಮುರಿಗೆವ್ವನ ಕೈಗೆ ಕೊಟ್ಟು ಎದ್ದು ನಿಂತರು. "ಬನ್ನಿ ಗಂಗಾಧರಯ್ಯ, ಆ ಕಡೆ ನಿಲ್ಲಿ."

"ನಾನಾ? ಬೇಡಮ್ಮ, ನಾನು ಯಾವುದನ್ನೂ ತಲೆಗೆ..."

"ಮತ್ತೆ ನಿಮ್ಮ ಹಿತ್ತಾಳೆ ಕೊಡಕ್ಕೆ ಕಟ್ಟಲಾ?"

ಎಂಟು ಗಜದ ಬಟ್ಟೆ ಕೋಣೆಯಲ್ಲಿ ಹಿಡಿಸಲಿಲ್ಲ. ಗಂಗಾಧರಯ್ಯ ಕಿಟಕಿಗೆ ಬೆನ್ನು ಕೊಟ್ಟು ನಿಂತರೆ ಪಂಕಜಮ್ಮ ಬಾಗಿಲಾಚೆ ಮೆಟ್ಟಿಲ ಹತ್ತಿರ ನಿಂತು ಕೆಂಪು ದಾರದ ಮೇಲೆ ಹೆಬ್ಬೆರಳಿಟ್ಟು ಎಳೆದರು. ಸೊಣ್ಣಮ್ಮ, ಮುರಿಗೆವ್ವ ನಡುವೆ ನಿಂತು ಮಡಿಕೆ ಹಿಡಿದುಕೊಟ್ಟರು. "ಎಡಗಿವಿ ಮೇಲೆ. ಇನ್ನೂ ಮೇಲೆ. ಎಳೀರಿ, ಬಟ್ಟೆಗೇನೂ ನೋವಾಗಲ್ಲ!" ಮೊದಲ ಸಲ ಕಣ್ಣಿನ ಮೇಲೆ ಜಾರಿತು, ಎರಡನೇ ಸಲ ಹಿಂದಕ್ಕೆ ಬಿತ್ತು. ಮೂರನೇ ಸಲಕ್ಕೆ ಮೇಡಂ ಗದರಿದರು. "ಅಲ್ಲಾಡಬೇಡ ಕಣಯ್ಯ!" ಅರವತ್ತು ಸಮೀಪಿಸಿದ ಗಂಗಾಧರಯ್ಯ ಉಸಿರು ಬಿಗಿಹಿಡಿದು ನಿಂತರು. ಒಂದೊಂದು ಸುತ್ತಿಗೆ ಒಂದೊಂದು ಹೆಜ್ಜೆ. ಹೊಸ್ತಿಲು ದಾಟಿ, ಕುರ್ಚಿ ದಾಟಿ, ಕತ್ತಿಗಳ ಸಾಲು ದಾಟಿ ಪಂಕಜಮ್ಮ ಕೋಲಿಲ್ಲದೆ ನಡೆದು ಬಂದರು. ಕೊನೆಯ ಸುತ್ತಿಗೆ ಅವರ ಎದುರಿಗಿದ್ದರು. ಗಂಗಾಧರಯ್ಯ ಬಗ್ಗಿದರು. ಪಂಕಜಮ್ಮ ಕೆಂಪು ದಾರದ ತುದಿಯನ್ನು ಒಳಗೆ ಸಿಗಿಸಿದರು.

ತುರಾಯಿ ಮಾತ್ರ ನಿಲ್ಲಲೊಲ್ಲದು. ಸೊಂಯ್ಯನೆ ಒಂದು ಕಡೆ ವಾಲಿ ಅವರ ಕಿವಿಯ ಮೇಲೆ ಬಿತ್ತು. "ಗಂಜಿ ಹಾಕಿಲ್ವಾ?" ಪಂಕಜಮ್ಮ ಮುರಿಗೆವ್ವನ ಕಡೆ ತಿರುಗಿದರು. "ಒಗೆಯೋದು ಒಗೆದು ಗಂಜಿ ಹಾಕದೇ ಇರ್ತಾರೇನ್ರೀ? ಅಪ್ಪ ಇದ್ದಿದ್ರೆ ಮನೆ ಮೇಲೆ ಕೆಳಗೆ ಮಾಡೋರು!" ಸೊಣ್ಣಮ್ಮನಿಗೆ ನಗು ತಡೆಯಲಾಗಲಿಲ್ಲ. ಮುರಿಗೆವ್ವ ಐದು ದಿನದ ಮೇಲೆ ಮೊದಲ ಸಲ ನಕ್ಕರು.

ಗಂಗಾಧರಯ್ಯ ಬೀರುವಿನ ಗಾಜಿನಲ್ಲಿ ತಮ್ಮ ತಲೆ ನೋಡಿಕೊಂಡರು. "ನಿಮ್ಮ ತಂದೆಯೋರು ಕಟ್ಟಿದ ಹಾಗೆ ಬಂತಾ ಅಮ್ಮ?"

"ಎಲ್ಲಿ ಬರುತ್ತೆ? ಅವರ ಕೈ ಬೇರೆ," ಎಂದು ಪಂಕಜಮ್ಮ ಕುರ್ಚಿಯಲ್ಲಿ ಕೂತು ಹೆಬ್ಬೆರಳು ಉಜ್ಜಿಕೊಂಡರು. "ತುದಿ ಹಿಡಿದ ಕೈ ಮಾತ್ರ ಅದೇ." ಹೋಳಿಗೆ ಎರಡು ತಿಂದರು, ಮೂರನೆಯದನ್ನೂ ಹಾಕಿಸಿಕೊಂಡರು. ಹೊರಡುವಾಗ ಹೇಳಿದರು, "ಮುಂದಿನ ವರ್ಷ ಕಟ್ಟಿ ಇಡಬೇಡಿ. ಬಿಚ್ಚಿಡಿ. ನಾನು ಬರ್ತೀನಿ."

ಮುಂದಿನ ವರ್ಷ ನವರಾತ್ರಿಯ ಮೊದಲ ಭಾನುವಾರ ಗಂಗಾಧರಯ್ಯ ಸಂಡೇ ಬಜಾರಿಗೆ ಹೋಗಲಿಲ್ಲ. ರುಮಾಲನ್ನು ಹೆಗಲ ಮೇಲೆ ಹಾಕಿಕೊಂಡು, ಎರಡು ಕೈಯಲ್ಲೂ ಬಿಸಿ ಪಾತ್ರೆಯೊಂದನ್ನು ಹಿಡಿದು, ಮೆಟ್ಟಿಲು ನೋಡಿ ನೋಡಿ ಹತ್ತಿ ಮೂರನೇ ಮಹಡಿಯ ಬಾಗಿಲಲ್ಲಿ ನಿಂತರು.

"ಮುರಿಗೆವ್ನೋರೇ, ಸೋಪು ತಗೊಳ್ಳಿ," ಎಂದರು. "ಗಂಜಿ ನಾನೇ ಕಾಯಿಸ್ಕೊಂಡು ಬಂದಿದ್ದೀನಿ."