ಪದ್ಮವ್ವನ ಮಷೀನು ಉಪ್ಪು ತಿಂದದ್ದು

ಇಳಕಲ್ಲಿನ ಪದ್ಮವ್ವನಿಗೆ ಪಾತ್ರೆ ತೊಳೆಯುವ ಮಷೀನಿನ ಮೇಲೆ ಭಾರಿ ಸಿಟ್ಟು. ಮಷೀನು ಮನೆಗೆ ಬರುವ ಮೊದಲೇ ಸಿಟ್ಟು ಬಂದಿತ್ತು ಎಂದರೆ ಅವಳ ಸ್ವಭಾವ ನಿಮಗೆ ಅರ್ಥವಾದೀತು. ಎಂಟು ಮಂದಿಯ ಮನೆ ಅದು. ರೊಟ್ಟಿ ಊಟ ಮುಗಿಯುವಷ್ಟರಲ್ಲಿ ಬಚ್ಚಲಲ್ಲಿ ಭಾಂಡೆಯ ಗುಡ್ಡ ಬಿದ್ದಿರುತ್ತಿತ್ತು. ಕಮತಗಿಯಿಂದ ಸೊಸೆಯಾಗಿ ಬಂದ ದಿನದಿಂದ ಆ ಗುಡ್ಡ ಕರಗಿಸುತ್ತ ಬಂದವಳು ಅವಳೇ. ಈಗ ಅದನ್ನೊಂದು ತಗಡಿನ ಡಬ್ಬಿಗೆ ಬಿಟ್ಟುಕೊಡುವುದೆಂದರೇನು?

"ನಾಕು ತಾಟ ತಿಕ್ಕಾಕ ಕಪಾಟಿನಂಥಾ ಮಷೀನ ಬೇಕೇನೋ? ನಾ ಇನ್ನೂ ಸತ್ತಿಲ್ಲ" ಎಂದಳು ಮಗ ಮುತ್ತುರಾಜನಿಗೆ.

"ನೀ ಗಟ್ಟಿ ಅದಿಯವಾ, ನಿನ್ನ ಕೈ ಸತ್ತಾವ ನೋಡ" ಎಂದ ಅವನು.

ಮಾತು ಖರೆಯೇ ಇತ್ತು. ಬೋರಿನ ಸವಳು ನೀರು, ಸೋಪಿನ ಪುಡಿ ಸೇರಿ ಅವಳ ಬೆರಳುಗಳನ್ನು ಬಿರುಕು ಬಿಟ್ಟ ಹೊಲ ಮಾಡಿದ್ದವು. ದವಾಖಾನೆಯ ಡಾಕ್ಟರು ಮುಲಾಮು ಕೊಟ್ಟು, ಕೈ ಒಣಗಿರಲಿ ಎಂದಿದ್ದರು. "ಒಣಾ ಕೈಲೆ ಸಂಸಾರ ಮಾಡೂದನ್ನ ಅವರ ಹೆಂಡ್ತಿಗೆ ಕಲಿಸಲಿ" ಎಂದು ಪದ್ಮವ್ವ ಮುಲಾಮನ್ನು ಗೋಡೆಯ ಮಾಡದ ಮೂಲೆಗೆ ಎಸೆದಿದ್ದಳು.

ಆದರೆ ಆ ವರ್ಷ ಸೊಸೆ ಸವಿತಾ ಬಸುರಾದಳು, ಮದುವೆಯಾಗಿ ಏಳು ವರ್ಷದ ಮೇಲೆ. ಪದ್ಮವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಏಳನೆಯ ತಿಂಗಳಿಗೆ ಕುಬಸ ಮಾಡುವುದು, ಹಸಿರು ಸೀರೆ ಉಡಿಸಿ ಆರತಿ ಎತ್ತುವುದು, ಆ ಸೀರೆಯ ಸೆರಗಿಗೆ ತಾನೇ ಕಸೂತಿ ಹಾಕುವುದು ಎಂದು ಓಣಿಗೆಲ್ಲ ಸಾರಿಬಿಟ್ಟಳು. ಹುಡುಗಿಯಾಗಿದ್ದಾಗ ಕಮತಗಿಯಲ್ಲಿ ಅವಳ ಕಸೂತಿ ನೋಡಲು ಜನ ಬರುತ್ತಿದ್ದರು. ಆನೆ, ಗಿಳಿ, ತೊಟ್ಟಿಲು, ಏನು ಹಾಕಿದರೂ ಒಳಗೂ ಹೊರಗೂ ಒಂದೇ ಥರ, ಎಲ್ಲೂ ಗಂಟು ಕಾಣದು. ಮದುವೆಯಾದ ಮೇಲೆ ಸೂಜಿ ಹಿಡಿಯಲು ಪುರುಸೊತ್ತೇ ಸಿಕ್ಕಿರಲಿಲ್ಲ.

ಸೀರೆ ನೇಯ್ದುಕೊಟ್ಟವಳು ಪಕ್ಕದ ಮನೆಯ ಜೋಹರಾ. ಮಗ್ಗದ ಮನೆಯವಳು, ಮುಲಾಜಿಲ್ಲದವಳು. ಸೀರೆ ಕೈಗೆ ಕೊಡುವ ಮೊದಲು ರೇಷ್ಮೆಯ ಒಂದು ಎಳೆಯನ್ನು ಪದ್ಮವ್ವನ ಅಂಗೈ ಮೇಲೆ ಇಟ್ಟು ಮೆಲ್ಲಗೆ ಎಳೆದಳು. ಎಳೆ ಬಿರುಕಿಗೆ ಸಿಕ್ಕಿ ನಿಂತಿತು.

"ಪದ್ಮಕ್ಕ, ಎಳಿ ಹಿಡಿತೈತಿ. ಈ ಕೈಲೆ ಸೀರಿ ಮುಟ್ಟಿದ್ರ ಸೆರಗ ಪೂರಾ ಹಾಳಾಗತೈತಿ. ಬ್ಯಾರೆ ಯಾರ ಕಡಿಂದರೆ ಹಾಕಸು."

ಪದ್ಮವ್ವ ಸೀರೆಯನ್ನು ಬಗಲಲ್ಲಿ ಇಟ್ಟುಕೊಂಡು ಮನೆಗೆ ಬಂದಳು. ಸಂಜೆ ಹುನಗುಂದದ ಕೋರ್ಟಿನ ಕೆಲಸ ಮುಗಿಸಿ ಬಸ್ಸು ಇಳಿದು ಬಂದ ಮಗನಿಗೆ ಚಹಾ ಕೊಡುತ್ತ, "ಮಷೀನ ತರೂದಿದ್ರ ಲಗೂನ ತಾ. ಬರೇ ಬಾಯಿಲೆ ಹೇಳಬ್ಯಾಡ" ಎಂದಳು.

ಮಷೀನು ಬಂತು. ಅದನ್ನು ಕೂಡಿಸಿ ಹೋಗಲು ಕಂಪನಿಯಿಂದ ಬಂದ ಅಫ್ಜಲ ಬಲು ಅವಸರದ ಹುಡುಗ. ತಾಟು ಹೀಗೆ, ವಾಟಿ ಹೀಗೆ ಎಂದು ತೋರಿಸಿ, ಒಂದು ಉಪ್ಪಿನ ಪಾಕೀಟು ಪದ್ಮವ್ವನ ಕೈಗಿಟ್ಟು, ಗಾಡಿ ಚಾಲೂ ಮಾಡುತ್ತ ಕೂಗಿ ಹೇಳಿದ: "ಅವ್ವಾರ, ಮಷೀನಿಗೆ ಉಪ್ಪು ಮಾತ್ರ ತಪ್ಪಸಬ್ಯಾಡ್ರಿ."

ಪದ್ಮವ್ವನಿಗೆ ಕಂಪನಿಯವರ ಮೇಲೆ ಮೊದಲ ಸಲ ಗೌರವ ಹುಟ್ಟಿತು.

ಅಲ್ಲಿಂದ ಸುಖದ ದಿನಗಳು. ಮಷೀನು ಒಳಗೊಳಗೇ ಮಳೆ ಸುರಿದಂತೆ ಸದ್ದು ಮಾಡುತ್ತಿತ್ತು, ಪದ್ಮವ್ವ ಕಿಟಕಿಯ ಬಳಿ ಕೂತು ಕೈಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದಳು. ರೊಟ್ಟಿ ಹಂಚು, ದೊಡ್ಡ ಬೋಗೋಣಿ ಅದರೊಳಗೆ ಹಿಡಿಯಲಿಲ್ಲ, ಅವು ಮುತ್ತುರಾಜನ ಪಾಲಿಗೆ ಬಂದವು. ಕೋರ್ಟಿನ ಗುಮಾಸ್ತ ಲುಂಗಿ ಎತ್ತಿ ಕಟ್ಟಿ ಹಂಚು ತಿಕ್ಕುವುದನ್ನು ನೋಡಲೆಂದೇ ಜೋಹರಾ ಸಕ್ಕರೆ ಕೇಳುವ ನೆವದಲ್ಲಿ ಬರುತ್ತಿದ್ದಳು. ಬಿರುಕು ಕೂಡಿದವು. ಸೆರಗಿನ ಮೇಲೆ ಆನೆ ಎದ್ದಿತು, ಗಿಳಿ ಕೂತಿತು, ತೊಟ್ಟಿಲು ಅರ್ಧಕ್ಕೆ ಬಂತು.

ಆಮೇಲೆ ಭಾಂಡೆ ಬೆಳ್ಳಗಾಗತೊಡಗಿದವು. ತಾಟು, ವಾಟಿ, ಗ್ಲಾಸು, ಎಲ್ಲದರ ಮೇಲೂ ಸುಣ್ಣ ಬಳಿದಂಥ ಪದರು. ಒಂದು ದಿನ ಜೋಹರಾ ಚಹಾ ಕುಡಿಯುವ ಮೊದಲು ಗ್ಲಾಸನ್ನು ಸೆರಗಿನಿಂದ ಒರೆಸಿಕೊಂಡಳು. ಪದ್ಮವ್ವನ ಮನೆಯ ಗ್ಲಾಸನ್ನು ಹೊರಗಿನವರು ಒರೆಸಿ ಕುಡಿಯುವುದೆಂದರೆ ಏನುಳಿಯಿತು? ಅವಳು ಮಷೀನಿನ ಬಾಗಿಲು ದಡಕ್ಕನೆ ಹಾಕಿ ಮತ್ತೆ ಬಚ್ಚಲಿಗೆ ಇಳಿದಳು. ವಾರ ಕಳೆಯುವುದರೊಳಗೆ ಬೆರಳು ಮತ್ತೆ ಸೀಳಿದವು. ಸೂಜಿ ಹಿಡಿದರೆ ರೇಷ್ಮೆ ಬೆರಳಿಗೇ ಸಿಕ್ಕಿಕೊಳ್ಳುತ್ತಿತ್ತು. ಕುಬಸ ಹತ್ತಿರ ಬಂತು, ತೊಟ್ಟಿಲು ಅರ್ಧಕ್ಕೇ ನಿಂತಿತ್ತು. ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಪದ್ಮವ್ವ ಕಣ್ಣೀರು ಹಾಕಿದ್ದನ್ನು ಸವಿತಾ ಬಾಗಿಲಲ್ಲಿ ನಿಂತು ನೋಡಿದಳು. ನೋಡಿದವಳೇ ಅಫ್ಜಲನಿಗೆ ಫೋನು ಹಚ್ಚಿದಳು.

ಅಫ್ಜಲ ಬಂದು ಮಷೀನಿನೊಳಗೆ ತಲೆ ಹಾಕಿದ. "ಅವ್ವಾರ, ನಾ ಮೊದಲ ತುಂಬಿದ ಉಪ್ಪು ಎಂದೋ ಮುಗದೈತಿ. ನೀವ ಹಾಕೀರಿಲ್ರಿ?"

"ಹಾಕಿಲ್ಲಂದ್ರ? ಶುಕ್ರವಾರಕ್ಕೊಮ್ಮಿ ಹಾಕೇನಿ. ನಿನ್ನ ಪಾಕೀಟಿನ ಉಪ್ಪ ಹಾಕೇನಿ."

"ಎಲ್ಲಿ ಹಾಕೀರಿ?"

"ಎಲ್ಲಿ ಅಂದ್ರ? ಮುಷ್ಟಿಲೆ ತಗೊಂಡು ಮಷೀನಿಗೆ ಮೂರು ಸುತ್ತು ಇಳಿಸಿ ಒಲಿಗೆ ಹಾಕೇನಿ. ಹೊಸಾ ಸಾಮಾನಕ್ಕ ಮಂದಿ ಕಣ್ಣು ಬೀಳತೈತಿ ಅಂತನ ಅಲ್ಲೇನು ನೀ ಕೊಟ್ಟದ್ದು? ಭಾಳ ಚಲೋ ಸಿಡಿತೈತಿ ಬಿಡು ನಿನ್ನ ಉಪ್ಪು."

ಅಫ್ಜಲ ನೆಲದ ಮೇಲೆ ಕೂತೇಬಿಟ್ಟ. ಸವಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪದ್ಮವ್ವ ಮೊದಲು ಇಬ್ಬರನ್ನೂ ದುರುಗುಟ್ಟಿ ನೋಡಿದಳು, ಆಮೇಲೆ ಅವರಿಬ್ಬರಿಗಿಂತ ಹೆಚ್ಚು ನಕ್ಕಳು. ನಗು ನಿಂತ ಮೇಲೆ ಅಫ್ಜಲ ಮಷೀನಿನ ತಳದ ಮುಚ್ಚಳ ತಿರುಗಿಸಿ ತೋರಿಸಿದ. ಸವಳು ನೀರು ಮೆತ್ತಗಾಗಿ ಭಾಂಡೆಗೆ ಬಿಳಿ ಪದರು ಹತ್ತದಿರಲು ಆ ಉಪ್ಪು ಅಲ್ಲಿ ಬೀಳಬೇಕಿತ್ತು. ಪದ್ಮವ್ವ ಹೊಸ ಪಾಕೀಟು ಒಡೆದು ತಾನೇ ಸುರಿದಳು.

"ಇನ್ನ ಇದು ನಮ್ಮ ಮನಿ ಉಪ್ಪ ತಿಂದೈತಿ. ಹೆಂಗ ದುಡಿಯೂದಿಲ್ಲ, ನಾನೂ ನೋಡ್ತೇನಿ" ಎಂದಳು.

ಅದು ದುಡಿಯಿತು. ಗ್ಲಾಸುಗಳು ಮೊದಲಿನಂತೆ ಫಳಫಳ ಹೊಳೆದವು. ಬೆರಳುಗಳು ಮತ್ತೆ ಕೂಡಿದವು, ತೊಟ್ಟಿಲೂ ಪೂರ್ತಿಯಾಯಿತು.

ಕುಬಸದ ದಿನ ಓಣಿಯ ಹೆಂಗಸರೆಲ್ಲ ಸವಿತಾಳ ಸೆರಗನ್ನು ತಿರುಗಿಸಿ ಮುರುಗಿಸಿ ನೋಡಿದರು, ಗಂಟು ಹುಡುಕಿ ಸೋತರು. ಆಮೇಲೆ ಸಾಲಾಗಿ ಒಳಗೆ ಹೋಗಿ ಮಷೀನನ್ನೂ ನೋಡಿದರು. ಜೋಹರಾ ಮಾತ್ರ ಸೊಂಟದಲ್ಲಿ ಸಿಕ್ಕಿಸಿಕೊಂಡು ಬಂದಿದ್ದ ರೇಷ್ಮೆಯ ಎಳೆಯನ್ನು ಪದ್ಮವ್ವನ ಅಂಗೈ ಮೇಲಿಟ್ಟು ಎಳೆದಳು. ಎಳೆ ಎಲ್ಲೂ ನಿಲ್ಲದೆ ಜಾರಿ ಕೆಳಗೆ ಬಿತ್ತು. ಜೋಹರಾ ಆ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಎಲ್ಲರೂ ಹೋದ ಮೇಲೆ ಪದ್ಮವ್ವ ಮುಷ್ಟಿಯಲ್ಲಿ ಉಪ್ಪು ಹಿಡಿದು ಬಂದಳು.

"ಅತ್ತಿ, ಮಷೀನಿಗೆ ಇನ್ನೂ ಇಳಸ್ತೀರೇನ್ರಿ?" ಎಂದು ಸವಿತಾ ನಕ್ಕಳು.

"ಅದಕ್ಯಾಕ? ಅದು ತಿಂದು ಕುಂತೈತಿ. ಇದು ನಿನಗ. ಎಷ್ಟ ಮಂದಿ ಕಣ್ಣು ಬಿದ್ದಾವ, ಸುಮ್ನ ನಿಂದ್ರು."

ಮೂರು ಸುತ್ತು ಇಳಿಸಿ ಒಲೆಯತ್ತ ಹೊರಟವಳನ್ನು ಸವಿತಾ ತಡೆದಳು. ಡಬ್ಬಿಯಿಂದ ತಾನೊಂದು ಮುಷ್ಟಿ ಉಪ್ಪು ತಂದು, ಅತ್ತೆಯ ಎರಡೂ ಕೈಗಳನ್ನು ಮುಂದೆ ಚಾಚಿಸಿ, ಆ ಕೈಗಳ ಸುತ್ತ ಮೂರು ಸಲ ಇಳಿಸಿದಳು.