ತಲೆನೋವಿನ ಮಾತ್ರೆ

ಗುಬ್ಬಿಗೆ ಹದಿನೇಳು ವರ್ಷ. ಹೊಲಿಗೆ ಅಂಗಡಿಯಲ್ಲಿ ಅವಳಷ್ಟು ಅಚ್ಚುಕಟ್ಟಾಗಿ ಕಾಜಾ ಹಾಕುವವರು ಇನ್ನೊಬ್ಬರಿಲ್ಲ. ಅವಳಷ್ಟು ಸಲೀಸಾಗಿ ಸುಳ್ಳು ಹೇಳುವವರೂ ಇಲ್ಲ. ಪಾಪ, ಹೇಳುವುದು ಒಂದೇ ಸುಳ್ಳು. ಮಧ್ಯಾಹ್ನ ಊಟವಾದ ಮೇಲೆ ದಿನಾ ನುಂಗುವ ಮಾತ್ರೆ ಯಾತಕ್ಕೆಂದು ಯಾರು ಕೇಳಿದರೂ "ತಲೆನೋವು" ಅನ್ನುತ್ತಾಳೆ. ಅದು ಎಚ್‌ಐವಿ ಮಾತ್ರೆ. ಸೋಂಕು ಹುಟ್ಟುವಾಗಲೇ ಅಮ್ಮನಿಂದ ಬಂದದ್ದು. ಮಾತ್ರೆ ತಪ್ಪಿಸಿಲ್ಲ, ಹಾಗಾಗಿ ಗುಂಡುಕಲ್ಲಿನ ಹಾಗಿದ್ದಾಳೆ.

"ಹೇಳೋದು ಬಿಡೋದು ನಿನ್ನಿಷ್ಟ ಕಣಮ್ಮ" ಎಂದಿದ್ದರು ಆಸ್ಪತ್ರೆಯ ಡಾಕ್ಟರಮ್ಮ. ಸಾಕಿದ ಚಿಕ್ಕಮ್ಮನದು ಬೇರೆಯೇ ರಾಗ: "ಯಾರ ಮುಂದಾದ್ರೂ ಬಾಯಿ ಬಿಟ್ಟೀಯ, ಜೋಕೆ!" ಆದರೂ ಅಂಗಡಿಯಲ್ಲಿ ಪಕ್ಕದ ಹೊಲಿಗೆ ಮಿಷನ್ನಿಗೆ ಕೂರುವ ಪಟಾಕಿಗೆ ಹೇಳಬೇಕೆಂದು ಎಷ್ಟೋ ಸಲ ಮಾತು ನಾಲಿಗೆ ತುದಿಗೆ ಬಂದಿತ್ತು. ಮಾತಾಡಿದರೆ ಚಟಪಟ ಸಿಡಿಯುವ ಹುಡುಗಿ, ಅದಕ್ಕೇ ಆ ಹೆಸರು. ಇರುವವಳು ಒಬ್ಬಳೇ ಗೆಳತಿ. ಅವಳೂ ದೂರ ಸರಿದರೆ? ಹಾಗೆಂದು ಮಾತು ನುಂಗಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಪಟಾಕಿ ಹಣೆ ಹಿಡಿದುಕೊಂಡು ಕೂತಳು. "ತಲೆ ಸಿಡೀತಿದೆ ಕಣೇ. ನಿನ್ನ ಮಾತ್ರೆ ಒಂದು ಕೊಡೇ" ಎಂದವಳೇ ಗುಬ್ಬಿಯ ಚೀಲಕ್ಕೆ ಕೈಹಾಕಿ ಡಬ್ಬಿಯ ಮುಚ್ಚಳ ತಿರುಗಿಸಿಯೇಬಿಟ್ಟಳು.

ಅಯ್ಯೋ, ಈ ಸುಳ್ಳಿಗೆ ಇಂಥ ಗತಿ ಬರುತ್ತದೆಂದು ಯಾರು ಕಂಡಿದ್ದರು! ಗುಬ್ಬಿ ಡಬ್ಬಿ ಕಿತ್ತುಕೊಂಡಳು.

"ಒಂದು ಮಾತ್ರೆಗೆ ಇಷ್ಟೊಂದು ಜಿಪುಣತನವಾ?" ಪಟಾಕಿಯ ಮುಖ ಸಣ್ಣದಾಯಿತು.

ಹಳೇ ಮಾತ್ರೆ, ಕೆಟ್ಟುಹೋಗಿದೆ ಎಂದು ಇನ್ನೊಂದು ಸುಳ್ಳು ಗುಬ್ಬಿಯ ಬಾಯಲ್ಲಿ ಸಿದ್ಧವಾಗಿತ್ತು. ಅವಳಿಗೆ ತನ್ನ ಮೇಲೇ ರೇಗಿತು. ಸಾಕಪ್ಪಾ ಸಾಕು! ಪಟಾಕಿಯನ್ನು ಬಟ್ಟೆ ಕಪಾಟಿನ ಹಿಂದಕ್ಕೆ ಎಳೆದೊಯ್ದು, "ಇದು ತಲೆನೋವಿನ ಮಾತ್ರೆ ಅಲ್ಲ, ಎಚ್‌ಐವಿದು. ಹುಟ್ಟಿದಾಗಿಂದ ಇದೆ ನಂಗೆ. ಜೊತೇಲಿ ಕೂತ್ರೆ, ಉಂಡ್ರೆ ಯಾರಿಗೂ ಬರಲ್ಲ" ಎಂದು ಒಂದೇ ಉಸಿರಿಗೆ ಹೇಳಿದಳು.

ಪಟಾಕಿ ಒಮ್ಮೆ ಡಬ್ಬಿ ನೋಡಿದಳು, ಒಮ್ಮೆ ಗುಬ್ಬಿಯ ಮುಖ ನೋಡಿದಳು.

"ಹಾಗಾದ್ರೆ ನಿಂಗೆ ತಲೆನೋವೇ ಇಲ್ವಾ?"

"ಇಲ್ಲ."

"ಲೇ ಕಳ್ಳೀ! ಪಾಪ, ಬಿಸಿ ತಾಗಿದ್ರೆ ನೋವು ಜಾಸ್ತಿಯಾಗತ್ತೆ ಅಂತ ನಿನ್ನ ಪಾಲಿನ ಇಸ್ತ್ರೀನೆಲ್ಲ ನಾನೇ ಮಾಡ್ತಿದ್ನಲ್ಲೇ!" ಬೈಯುತ್ತಲೇ ಪಟಾಕಿ ಅವಳನ್ನು ಬಾಚಿ ತಬ್ಬಿಕೊಂಡಳು. ಇಬ್ಬರಿಗೂ ಅಳು, ನಗು ಒಟ್ಟಿಗೇ ಬಂತು.

"ಏನ್ರೇ ಅದು ಗುಸುಗುಸು?" ಕೈಯಲ್ಲಿ ಕತ್ತರಿ ಹಿಡಿದೇ ಅಂಗಡಿ ನಡೆಸುವ ಟೈಲರ್ ಮಾಮ ಇಣುಕಿದರು.

ಗುಬ್ಬಿ ಪಟಾಕಿಯ ರಟ್ಟೆ ಹಿಡಿದಳು. ಈ ಬಾಯಿಬಡುಕಿ ಏನಂದಾಳೋ!

"ಅದು ಅವಳ ವಿಷಯ ಮಾಮ. ಹೇಳೋದಾದ್ರೆ ಅವಳೇ ಹೇಳ್ತಾಳೆ" ಎಂದಳು ಪಟಾಕಿ.

ಮಾಮ ಗುಬ್ಬಿಯತ್ತ ತಿರುಗಿದರು. ಒಂದು ಸುಳ್ಳು ಹೇಳಿದ್ದರೆ ಮುಗಿದುಹೋಗುತ್ತಿತ್ತು, ಅವಳಿಗೆ ಬೇಕೆನಿಸಲಿಲ್ಲ.

"ಇವತ್ತು ಹೇಳಲ್ಲ ಮಾಮ" ಎಂದಳು ಗುಬ್ಬಿ.