ಹೊತ್ತು ಮುಳುಗುವ ಮೊದಲು

ಬೋರಗಾಂವದಲ್ಲಿ ತ್ರಿಶಲಾಳಷ್ಟು ಅಂಜುಬುರುಕಿ ಇನ್ನೊಬ್ಬಳಿರಲಿಕ್ಕಿಲ್ಲ. ಹಲ್ಲಿ ಕಂಡರೆ ಅಂಜಿಕೆ, ಗುಡುಗಿದರೆ ಅಂಜಿಕೆ, ಅತ್ತೆ ಸೋನಾಬಾಯಿ ಸುಮ್ಮನೆ ಕೆಮ್ಮಿದರೂ ಅಂಜಿಕೆ. ಅಂಥವಳು ನಲವತ್ತೊಂದನೇ ವಯಸ್ಸಿಗೆ ನರ್ಸಿಂಗ್ ಕಲಿಯುತ್ತೇನೆ ಅಂದಾಗ ಗಂಡ ನಿತಿನ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನನ್ನು ಬೈಯುವ ಹಾಗೂ ಇರಲಿಲ್ಲ.

ಈ ಹುಳ ತಲೆಗೆ ಹೊಕ್ಕದ್ದು ಸೋನಾಬಾಯಿಯ ದೆಸೆಯಿಂದಲೇ. ನಾಲ್ಕು ವರ್ಷದ ಹಿಂದೆ ಮುದುಕಿಯ ಸಕ್ಕರೆ ಕಾಯಿಲೆ ಗುಳಿಗೆಗೆ ಬಗ್ಗದೆ ಹೋಯಿತು. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಬೇಕು ಅಂದರು ಡಾಕ್ಟರು. ಆರು ಮಗ್ಗ ಓಡಿಸುವ ಗಂಡಸು ನಿತಿನ ಸೂಜಿ ನೋಡಿದೊಡನೆ ಗೋಡೆಯ ಕಡೆ ಮುಖ ತಿರುಗಿಸಿದ. ಮಗಳು ಪ್ರಾಜಕ್ತಾ ಆಗಿನ್ನೂ ಚಿಕ್ಕವಳು. ಉಳಿದವಳು ಈ ಅಂಜುಬುರುಕಿ. ಊರ ಸರಕಾರಿ ದವಾಖಾನೆಯ ಮಂಗಲಾ ಸಿಸ್ಟರ್ ಮುಂದೆ ಕೂತು, ಮೋಸಂಬಿ ಹಣ್ಣಿಗೆ ಚುಚ್ಚಿ ಚುಚ್ಚಿ ಕಲಿತಳು. ಬರಬರುತ್ತ ಓಣಿಯವರೂ ಸಕ್ಕರೆ ನೋಡಿಸಿಕೊಳ್ಳಲು ಅವಳ ಕಟ್ಟೆಗೆ ಬಂದು ಕೂಡತೊಡಗಿದರು.

“ವೈನಿ, ನಿಮ್ಮ ಕೈ ಭಾಳ ಹಗುರ ಐತಿ,” ಅಂದಿದ್ದಳು ಮಂಗಲಾ. “ಹನ್ನೆರಡನೇ ಇಯತ್ತೆ ಪಾಸಾಗೀರಿ. ಚಿಕ್ಕೋಡಿಯೊಳಗ ನರ್ಸಿಂಗ್ ಶಾಲಿ ಐತಿ. ಯಾಕ ಕಲೀಬಾರ್ದು?”

ಹೊಗಳಿಸಿಕೊಂಡು ಎಷ್ಟು ವರ್ಷವಾಗಿತ್ತೋ, ಆ ಮಾತು ತ್ರಿಶಲಾಳ ಎದೆಯಲ್ಲಿ ಬೇರು ಬಿಟ್ಟಿತು. ಅದರ ಸುತ್ತ ಅಂಜಿಕೆಗಳೂ ಬೆಳೆದವು. ಮಗಳ ವಯಸ್ಸಿನ ಹುಡುಗಿಯರ ನಡುವೆ ಬೆಂಚಿನ ಮೇಲೆ ಕೂಡಬೇಕು. ಇಂಗ್ಲಿಷ್ ಪುಸ್ತಕ ಓದಬೇಕು. ರಕ್ತ ನೋಡಬೇಕು, ಯಾರಿಗೆ ಗೊತ್ತು, ಹೆಣವನ್ನೂ ನೋಡಬೇಕು. ಎಲ್ಲಕ್ಕಿಂತ ದೊಡ್ಡದು, ಅತ್ತೆಗೆ ಹೇಳಬೇಕು. ನಿತಿನ ನಕ್ಕು ಮುಗಿಸಿ, “ಕಲಿ ಬೇಕಾದ್ರ. ಆದ್ರ ಅವ್ವನ ಮುಂದ ನೀನ ಹೇಳು,” ಎಂದು ಜಾರಿಕೊಂಡಿದ್ದ. ಅರ್ಜಿ ತುಂಬಿ ಇಪ್ಪತ್ತು ದಿನವಾದರೂ ಅವಳ ಬಾಯಿಂದ ಆ ಮಾತು ಹೊರಡಲಿಲ್ಲ.

ಸೋನಾಬಾಯಿ ಕೆಟ್ಟವಳಲ್ಲ, ಗಟ್ಟಿ. ಜೈನರ ಮನೆಗಳಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವುದು ಹೊಸದೇನಲ್ಲ. ಆದರೆ ಗಂಡ ಕಾಕಾಸಾಹೇಬ ತೀರಿಕೊಂಡ ವರ್ಷ ಆಕೆ ಮುನಿಗಳ ಮುಂದೆ ಕೈಮುಗಿದು ನೇಮ ಹಿಡಿದಿದ್ದಳು: ಹೊತ್ತು ಮುಳುಗಿದ ಮೇಲೆ ತುತ್ತು ಅನ್ನವಿಲ್ಲ, ಗುಟುಕು ನೀರಿಲ್ಲ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಹಾಗಾಗಿ ಚಳಿಗಾಲದಲ್ಲಿ ತ್ರಿಶಲಾಳ ಲೆಕ್ಕ ಹೀಗೆ: ಐದೂ ಇಪ್ಪತ್ತಕ್ಕೆ ಸೂಜಿ, ಐದೂ ನಲವತ್ತಕ್ಕೆ ಅತ್ತೆಯ ಮುಂದೆ ತಾಟು, ಆರು ಹೊಡೆಯುವುದರೊಳಗೆ ಕೈ ತೊಳೆಯಲು ನೀರು.

ಆ ದಿನ ಐದೂ ಇಪ್ಪತ್ತಕ್ಕೆ ಸೂಜಿ ಹಾಕಿ ರೊಟ್ಟಿ ಬಡಿಯಲು ಹೊರಟವಳಿಗೆ ಫೋನು ಬಂತು. ಚಿಕ್ಕೋಡಿಯ ಶಾಲೆಯ ಗುಮಾಸ್ತ. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳ ಗದ್ದಲ. ಮಾತು ಕೇಳುವ ಹಾಗಿಲ್ಲ, ಅತ್ತೆಯ ಕಿವಿಗೆ ಬೀಳಲೂ ಬಾರದು. ತ್ರಿಶಲಾ ಫೋನು ಕಿವಿಗೊತ್ತಿಕೊಂಡು ಮಾಳಿಗೆ ಹತ್ತಿದಳು. ಸೀಟು ಎರಡೇ ಉಳಿದಿವೆ, ನಾಡಿದ್ದು ಕೊನೆಯ ದಿನ ಅಂದ ಗುಮಾಸ್ತ. ಅವಳು ಅಂಜುತ್ತಂಜುತ್ತಲೇ ಒಂದೊಂದೇ ಕೇಳಿದಳು. ವಯಸ್ಸು ನಡೆಯುತ್ತದೆಯೇ? ಸೀರೆ ಉಡಬಹುದೇ? ಸಂಜೆ ಬಸ್ಸು ಎಷ್ಟಕ್ಕೆ? ಆ ಮನುಷ್ಯನೂ ಬಿಡುವಾಗಿದ್ದ, ಎಲ್ಲದಕ್ಕೂ ಉತ್ತರ ಕೊಟ್ಟ. ಫೋನು ಇಟ್ಟಾಗ ಅವಳ ಮುಖದಲ್ಲಿ ನಗುವಿತ್ತು. ತಲೆ ಎತ್ತಿ ನೋಡಿದಳು. ಪಡುವಣದಲ್ಲಿ ಸೂರ್ಯನಿರಲಿಲ್ಲ.

ಮೆಟ್ಟಿಲು ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಸೋನಾಬಾಯಿ ಪಡಸಾಲೆಯ ಹಾಸಿಗೆಯ ಮೇಲೆ ಕೈಮುಗಿದು ಕೂತಿದ್ದಳು.

“ಎಷ್ಟ ಸಲ ಕರದೆ. ಮಗ್ಗದ ಸಪ್ಪಳದಾಗ ಯಾರಿಗೂ ಕೇಳಲಿಲ್ಲ. ಮೊಣಕಾಲು ಏಳಗೊಡಲಿಲ್ಲ,” ಅಂದಳು. ಸಿಟ್ಟಿರಲಿಲ್ಲ. “ಹೋಗ್ಲಿ ಬಿಡು. ಇವತ್ತಿಂದು ಆತು.”

“ಅತ್ತಿ, ಸೂಜಿ ಹಾಕೀನ್ರಿ! ಉಣ್ಣಲಿಲ್ಲಂದ್ರ ಸಕ್ಕರಿ ಇಳೀತೈತಿ. ಒಂದ ಚಮಚೆ ಸಕ್ಕರಿ, ಕೈ ಮುಗೀತೀನಿ!”

“ನನ್ನ ನೇಮ ಮುರೀಬ್ಯಾಡ ತ್ರಿಶಲಾ.”

ಚಮಚೆ ಹತ್ತಿರ ತಂದರೆ ಮುದುಕಿ ತುಟಿ ಬಿಗಿದು ಮುಖ ತಿರುಗಿಸಿದಳು. ತ್ರಿಶಲಾ ಅತ್ತಳು, ಪಾಪವೆಲ್ಲ ನನ್ನ ತಲೆಗಿರಲಿ ಅಂದಳು, ಕಾಲು ಹಿಡಿದಳು. ಅರ್ಧ ತಾಸಿನಲ್ಲಿ ಸೋನಾಬಾಯಿಯ ಹಣೆ ಬೆವರಿತು. ಡಿಸೆಂಬರಿನ ಥಂಡಿಯಲ್ಲಿ ಬೆವರು! ಕೈ ನಡುಗತೊಡಗಿತು. ಬೆರಳು ಚುಚ್ಚಿ ನೋಡಿದರೆ ಮಿಶನ್ನು ಐವತ್ತೆಂಟು ತೋರಿಸಿತು. ಕೊಂದೆ, ಈ ಕೈಯಿಂದಲೇ ಕೊಂದೆ ಅನ್ನುವುದೊಂದೇ ತ್ರಿಶಲಾಳ ತಲೆಯಲ್ಲಿ. ಮಂಗಲಾಗೆ ಫೋನು ಹಚ್ಚಿದಳು.

“ಎಚ್ಚರ ಅದಾರಿಲ್ಲೋ? ಈಗಿಂದೀಗ ಕರಕೊಂಡು ಬರ್ರಿ. ನರದಾಗ ಗ್ಲುಕೋಸ್ ಕೊಡೂಣು, ಬಾಯಿಗೆ ಏನೂ ಹಾಕೂದು ಬ್ಯಾಡ ಅಂತ ಆಯಿಗೆ ಹೇಳ್ರಿ.”

ಸೂಜಿ ಅಂದಾಗ ಸೋನಾಬಾಯಿ ಬೇಡ ಅನ್ನಲಿಲ್ಲ. ಆದರೆ ನಿತಿನ ಶೆಡ್ಡಿನಿಂದ ಓಡಿ ಬಂದು ತಂದ ಗಾಡಿಯಲ್ಲಿ ಆಕೆಯ ಮಾತು ತೊದಲಿತು. ಸೊಸೆಯ ಮುಖ ನೋಡಿ, ನೀ ಯಾರವಾ ಎಂದು ಕೇಳಿದಳು. ದವಾಖಾನೆ ಮುಟ್ಟುವವರೆಗೂ ತ್ರಿಶಲಾ ಆಕೆಯ ಕೈ ಬಿಡಲಿಲ್ಲ.

ಗ್ಲುಕೋಸ್ ಹೊಕ್ಕ ಸ್ವಲ್ಪ ಹೊತ್ತಿಗೆ ಮುದುಕಿ ಕಣ್ಣರಳಿಸಿ ಎಲ್ಲರನ್ನೂ ಗುರುತು ಹಿಡಿದಳು. ಡಾಕ್ಟರು ಸಿಟ್ಟಿನಿಂದ ಕೇಳಿದರು: “ಸೂಜಿ ಹಾಕಿ ಊಟ ಯಾಕ ಕೊಡಲಿಲ್ಲ?”

“ನಮ್ಮ ಅವ್ವ ಭಾಳ ಹಠಮಾರಿ ಅದಾಳ್ರಿ. ನೇಮ ಅಂತ ಹೇಳಿ...” ನಿತಿನ ಶುರು ಮಾಡಿದ.

ಸುಮ್ಮನೆ ನಿಂತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಂಗಲಾಳ ಮುಂದೆ ಕೈಗುಣದ ಹೆಸರೂ ಉಳಿಯುತ್ತಿತ್ತು. ಆದರೂ ತ್ರಿಶಲಾ ಹೇಳಿದಳು.

“ಅವರದೇನೂ ತಪ್ಪಿಲ್ರಿ. ಸೂಜಿ ಹಾಕಿ ನಾ ಮಾಳಗಿ ಮ್ಯಾಲ ಫೋನಿನಾಗ ಮಾತಾಡ್ಕೋತ ನಿಂತೆ. ನರ್ಸಿಂಗ್ ಶಾಲಿ ಫೋನು. ಮಾತಿನಾಗ ಹೊತ್ತು ಮುಳುಗಿದ್ದ ನೋಡಲಿಲ್ಲ.”

ಮಂಚದ ಮೇಲಿಂದ ಸೋನಾಬಾಯಿ ಸೊಸೆಯನ್ನು ಬಹಳ ಹೊತ್ತು ನೋಡಿದಳು. ತಾನು ಇನ್ನು ಯಾವ ಶಾಲೆಯ ಹೊಸ್ತಿಲೂ ತುಳಿಯಬಾರದು ಎಂದು ತ್ರಿಶಲಾ ಅಲ್ಲೇ ನಿರ್ಧಾರ ಮಾಡಿದಳು. ರಕ್ತ, ಹೆಣ, ಇಂಗ್ಲಿಷ್ ಎಲ್ಲ ಮರೆತೇ ಹೋಗಿದ್ದವು. ಈಗ ಅವಳು ತನ್ನ ಕೈಗೇ ಅಂಜುತ್ತಿದ್ದಳು.

ಮರುದಿನ ಡಾಕ್ಟರು ಸೂಜಿಯ ಪ್ರಮಾಣ ಇಳಿಸಿ, ತಾಟು ಮುಂದಿಟ್ಟುಕೊಂಡೇ ಹಾಕಬೇಕು ಎಂದು ಹೇಳಿ ಮನೆಗೆ ಕಳಿಸಿದರು. ಸಂಜೆಯಾಗುತ್ತಿದ್ದಂತೆ ತ್ರಿಶಲಾ ಸೂಜಿ ಮುಟ್ಟಲೊಲ್ಲೆ ಅಂದಳು. ಮಂಗಲಾಳನ್ನೇ ಕರೆಯಿರಿ ಎಂದು ಗಂಡನಿಗೆ ಹೇಳುತ್ತಿದ್ದಳು, ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು.

ಸೋನಾಬಾಯಿ ಪ್ರಾಜಕ್ತಾಳಿಂದ ತಾಟು ಹಾಕಿಸಿಕೊಂಡು ಕೂತಿದ್ದಳು. ಹೊರಗೆ ಇನ್ನೂ ಬಿಸಿಲಿತ್ತು. ತೋಳಿನ ಸೆರಗು ಸರಿಸಿ ಚಾಚಿದಳು.

“ಚುಚ್ಚು.”

“ನನಗ ಅಂಜಿಕಿ ಆಗಾಕತ್ತೇತ್ರಿ ಅತ್ತಿ.”

“ನನಗೂ ಆಗಾಕತ್ತೇತಿ,” ಅಂದಳು ಸೋನಾಬಾಯಿ. ಚಾಚಿದ ತೋಳು ಹಿಂದೆ ತೆಗೆಯಲಿಲ್ಲ.

ತ್ರಿಶಲಾ ಔಷಧಿಯ ಗೆರೆಯನ್ನು ಮೂರು ಸಲ ನೋಡಿ ಚುಚ್ಚಿದಳು. ಆಮೇಲೆ ಅತ್ತೆಯ ಎದುರೇ ಕಾಲು ಮಡಚಿ ಕೂತಳು. ಮುದುಕಿ ರೊಟ್ಟಿ ಮುರಿದು ಮೊದಲ ತುತ್ತು ಬಾಯಿಗಿಡುವಾಗ ಫೋನು ಹೊಡೆದುಕೊಂಡಿತು. ಚಿಕ್ಕೋಡಿಯ ನಂಬರು. ನಾಳೆಯೇ ಕೊನೆಯ ದಿನ.

“ತಗೋ,” ಅಂದಳು ಸೋನಾಬಾಯಿ ಅಗಿಯುತ್ತಲೇ. “ಶಾಲಿಯವ್ರು ಇರಬೇಕು.”

“ನೀವು ಉಣ್ರಿ.”

ಫೋನು ಬಡಿದುಕೊಂಡು ಸುಮ್ಮನಾಯಿತು. ಮತ್ತೆ ಬಡಿದುಕೊಂಡಿತು. ತ್ರಿಶಲಾ ಅದರ ಕಡೆ ನೋಡಲಿಲ್ಲ. ತಾಟು ನೋಡುತ್ತಿದ್ದಳು, ಅತ್ತೆಯ ಹಣೆ ನೋಡುತ್ತಿದ್ದಳು, ಕಿಟಕಿಯ ಬಿಸಿಲು ನೋಡುತ್ತಿದ್ದಳು. ಎರಡು ರೊಟ್ಟಿ ಮುಗಿದವು, ಅನ್ನ ಮುಗಿಯಿತು. ಸೋನಾಬಾಯಿ ಕೈತೊಳೆದುಕೊಂಡ ಮೇಲೆ ತ್ರಿಶಲಾ ಫೋನು ತೆಗೆದುಕೊಂಡು ಚಿಕ್ಕೋಡಿಗೆ ತಾನೇ ಹಚ್ಚಿದಳು. ಮಾಳಿಗೆ ಹತ್ತಲಿಲ್ಲ. ಅಲ್ಲೇ ಕೂತು, ಮಗ್ಗದ ಸದ್ದಿಗಿಂತ ದೊಡ್ಡ ದನಿಯಲ್ಲಿ, ಅಂಜುತ್ತಲೇ ಹೇಳಿದಳು.

“ನಾಳೆ ಬರ್ತೀನ್ರಿ.”